ಮಾಜಿ ಸೈನಿಕರ ಮೀಸಲಾತಿ ಮತ್ತು ಸ್ಥಳೀಯ ನೇಮಕಾತಿ

ಕರ್ನಾಟಕ ಸಿವಿಲ್ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳು, 1977ರ 9ನೇ ನಿಯಮದಂತೆ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇಕಡ 10ರಷ್ಟು ಹುದ್ದೆಗಳು ಮೀಸಲು. ಇದು ಸಮತಳ ಮೀಸಲಾತಿ: ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂಬ ಪ್ರತಿಯೊಂದು ಪಾಲಿನ ಒಳಗೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಯೋಧನಿಗೆ ಕೊಟ್ಟ ಹುದ್ದೆ ಮತ್ತೊಂದು ವರ್ಗದ ಪಾಲನ್ನು ಕಸಿಯುವುದಿಲ್ಲ. ಅರ್ಹರು ಸಿಗದಿದ್ದರೆ ಹುದ್ದೆ ಅದೇ ವರ್ಗದ ಇತರರಿಗೆ ಹೋಗುತ್ತದೆ. ಇದಕ್ಕೆ ಭಿನ್ನವಾಗಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಾಜಿ ಯೋಧರಿಗಿದ್ದ ಸಂಪೂರ್ಣ ಆದ್ಯತೆ ಮಹಿಳೆಯರನ್ನು ಹಿಂದಕ್ಕೆ ತಳ್ಳಿತ್ತು. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಆದ್ಯತೆಯನ್ನೇ ಎತ್ತಿಹಿಡಿಯಿತು. ಮಹಿಳೆಯರಿಗೂ ಪ್ರತ್ಯೇಕ ಸಮತಳ ಪಾಲು ಇರುವ ನಮ್ಮ ಕ್ರಮ ಅದಕ್ಕಿಂತ ನ್ಯಾಯವಾದದ್ದು.

ಆದರೆ ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಂಥ ಹೋಬಳಿ ಕೇಂದ್ರದಿಂದ ನೋಡಿದರೆ ಶೇಕಡಾವಾರಿನ ಮಿತಿ ಕಾಣುತ್ತದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅಧಿಸೂಚನೆ ಹೊರಡುತ್ತದೆ, ಪಾಲು ಎಷ್ಟೆಂದು ಎಲ್ಲರಿಗೂ ತಿಳಿಯುತ್ತದೆ. ಕರವಸೂಲಿಗಾರ, ನೀರುಗಂಟಿ, ಜವಾನರ ಕಥೆ ಬೇರೆ. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಅವರನ್ನು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಪೂರ್ವಾನುಮೋದನೆ ಪಡೆದು ಗ್ರಾಮ ಪಂಚಾಯತಿಯೇ ನೇಮಿಸುತ್ತದೆ. ಖಾಲಿ ಬೀಳುವುದು ಒಂದೊಂದೇ ಹುದ್ದೆ. ಒಂದರಲ್ಲಿ ಹತ್ತನೇ ಒಂದು ಪಾಲು ತೆಗೆಯುವುದು ಹೇಗೆ? ತಾಲ್ಲೂಕಿನ ಎಲ್ಲ ಪಂಚಾಯತಿಗಳ ಖಾಲಿ ಹುದ್ದೆಗಳನ್ನು ಒಂದೇ ರೋಸ್ಟರಿಗೆ ತಂದರೆ ಮಾತ್ರ ಆ ಪಾಲಿಗೆ ಜೀವ ಬರುತ್ತದೆ. ನೀರುಗಂಟಿ ಊರಿನವನೇ ಆಗಿರಬೇಕೆಂಬ ಆಕ್ಷೇಪ ಸರಿಯಾದದ್ದೇ. ರೋಸ್ಟರ್ ಒಂದೇ ಆದರೂ, ಸರದಿ ಬಂದ ಹುದ್ದೆಯನ್ನು ಆಯಾ ಪಂಚಾಯತಿಯ ಮಾಜಿ ಸೈನಿಕರಿಂದಲೇ ತುಂಬಬಹುದು.

ಪಿಂಚಣಿ ಇರುವವರಿಗೆ ಮತ್ತೇಕೆ ನೌಕರಿ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಓದು ಮುಂದುವರಿಸಿದವರೊಂದಿಗೆ ಸ್ಪರ್ಧಿಸಬೇಕಾದ ಹೊತ್ತಿನಲ್ಲಿ ಸಿಪಾಯಿ ಗಡಿಯಲ್ಲಿರುತ್ತಾನೆ. ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ, ಮನೆಗೆ ಬರುತ್ತಾನೆ. ವಯೋಮಿತಿ ಸಡಿಲಿಕೆ ಅದಕ್ಕಾಗಿಯೇ ಇದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಈ ಆಕ್ಷೇಪ ಮತ್ತಷ್ಟು ದುರ್ಬಲವಾಗುತ್ತದೆ. ಪ್ರತಿ ತಂಡದಲ್ಲಿ ಸೇನೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇಕಡ 25ರಷ್ಟು ಮಂದಿಯನ್ನು. ಉಳಿದವರು ನಾಲ್ಕು ವರ್ಷಕ್ಕೇ, ಪಿಂಚಣಿಯಿಲ್ಲದೆ ಊರಿಗೆ ಮರಳುತ್ತಾರೆ. ಮಾಜಿ ಸೈನಿಕನೆಂದರೆ ಯಾರು ಎಂಬ ವ್ಯಾಖ್ಯಾನ ಬರೆದದ್ದು ದೀರ್ಘ ಸೇವೆಯ ಕಾಲಕ್ಕೆ. ನೇಮಕಾತಿ ನಿಯಮಗಳಲ್ಲಿ ಮೊದಲು ತಿದ್ದಬೇಕಾದದ್ದು ಅದನ್ನೇ.