ಹಸಿರಿನ ಫೋಟೋ

ಅಡಿಲೇಡಿಗೆ ಬಂದ ಹೊಸದರಲ್ಲಿ ಒಂದು ಸಲ ಉತ್ತರಕ್ಕೆ, ಹಾಕರ್ ಊರಿನ ಕಡೆ ಡ್ರೈವ್ ಹೋಗಿದ್ದೆವು. ಆಗಷ್ಟೇ ಮಳೆ ಬಿದ್ದು ಕಣ್ಣು ಹಾಯಿಸಿದಷ್ಟೂ ಹಸಿರು. ಒಂದು ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಬೆಳೆದಿದ್ದು ಬೀರೂರಿನ ಹತ್ತಿರ, ಅಮೃತಮಹಲ್ ಕಾವಲಿನ ಪಕ್ಕದಲ್ಲಿ. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಹಸಿರೇನೋ ಸರಿ, ಹುಲ್ಲು ಯಾವ್ದು? ದನ ಮುಟ್ಟದ ತಂಗಡಿ ಬೆಳೆದ್ರೂ ಕಾವಲು ಹಸಿರಾಗೇ ಕಾಣುತ್ತಪ್ಪ."

ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಗೊತ್ತಾಗಿದ್ದು ಇದು.

1865ರಲ್ಲಿ, ಭಾರೀ ಬರದ ನಡುವೆ, ಇಲ್ಲಿನ ಸರ್ವೇಯರ್ ಜನರಲ್ ಜಾರ್ಜ್ ಗೊಯ್ಡರ್ ಕುದುರೆ ಹತ್ತಿ ಸುಮಾರು 3,200 ಕಿಲೋಮೀಟರ್ ಸುತ್ತಿದ. ಮಳೆಯ ಲೆಕ್ಕ ಆಗ ಹೆಚ್ಚೇನೂ ಇರಲಿಲ್ಲ. ಅವನು ಗಿಡ ನೋಡಿದ. ಮ್ಯಾಲಿ ಮರಗಳು ಮುಗಿದು ಸಾಲ್ಟ್‌ಬುಷ್ ಪೊದೆ ಶುರುವಾಗೋ ಕಡೆ ನಕ್ಷೆಯಲ್ಲಿ ಗೆರೆ ಎಳೆದ. ಅದರ ಆಚೆ ಬರ ಖಾತ್ರಿ, ಉಳುಮೆ ಬೇಡ ಅಂತ. ಆಮೇಲೆ ನಾಲ್ಕಾರು ವರ್ಷ ಒಳ್ಳೇ ಮಳೆ ಬಂತು ನೋಡಿ, ಜನ ಗೊಯ್ಡರನನ್ನು ಆಡಿಕೊಂಡು ನಕ್ಕರು. 1874ರಲ್ಲಿ ಸರ್ಕಾರವೇ ಆ ಗೆರೆಯನ್ನು ಕೈಬಿಟ್ಟಿತು. ನೇಗಿಲು ಹೋದಲ್ಲಿಗೆ ಮಳೆಯೂ ಬರುತ್ತೆ ಅನ್ನೋ ನಂಬಿಕೆ ಬೇರೆ! 1880ರ ದಶಕದ ಶುರುವಿನಲ್ಲೇ ಬರ ಮರಳಿತು. ನಾನು ಫೋಟೋ ತೆಗೆದ ಜಾಗದಲ್ಲಿ ನಿಂತಿದ್ದ ಸೂರಿಲ್ಲದ ಕಲ್ಲಿನ ಮನೆಗಳು ಆ ರೈತರು ಬಿಟ್ಟು ಹೋದವೇ ಇರಬೇಕು.

ಒಳನಾಡಿನಲ್ಲಿ ಉಳಿದಿದ್ದು ಕುರಿ. ಕುರಿ ಮೇಯ್ದ ನೆಲ ಸುಧಾರಿಸುತ್ತಾ ಅಂತ ತಿಳಿಯೋಕೆ 1925ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆಸ್ಬಾರ್ನ್ ಕೂನಮೋರ್ ಎಂಬಲ್ಲಿ ಸವೆದು ಹೋಗಿದ್ದ ಸುಮಾರು 390 ಹೆಕ್ಟೇರಿಗೆ ಬೇಲಿ ಹಾಕಿಸಿದರು. ಒಳಗೆ ಗೂಟ ನೆಟ್ಟು ಚೌಕಗಳನ್ನು ಗುರುತಿಸಿ, ಅದೇ ಚೌಕದ ಗಿಡ ಎಣಿಸೋದು, ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯೋದು. ಇಷ್ಟೇ ಕೆಲಸ. ಆದರೆ ದಶಕಗಟ್ಟಲೆ.

ಸಾಲ್ಟ್‌ಬುಷ್ ನಿಧಾನಕ್ಕೆ ಮರಳಿತು. ದೂರದಿಂದ ನೋಡಿದವರು ಭೇಷ್ ಅಂದಿರಬಹುದು. ಆದರೆ ಮುಲ್ಗಾ ಮರದ ಸಸಿಗಳು ಬರಲೇ ಇಲ್ಲ. ಹಳೇ ಮರಗಳೇನೋ ನಿಂತಿದ್ದವು. ಮನೆ ತುಂಬಾ ಮುದುಕರು, ತೊಟ್ಟಿಲೇ ಇಲ್ಲ ಅನ್ನೋ ಹಾಗೆ. ಕಾರಣ ಮೊಲ. 1859ರಲ್ಲಿ ವಿಕ್ಟೋರಿಯಾದಲ್ಲಿ ಬೇಟೆಯ ಶೋಕಿಗೆ ಬಿಟ್ಟ ಮೊಲಗಳ ಸಂತಾನ ದೇಶ ತುಂಬಿ, ಬೇಲಿಯ ಒಳಗೂ ಸೇರಿಕೊಂಡಿತ್ತು. ಮೊಳಕೆ ಕಂಡರೆ ಮುಗೀತು. 1970ರ ದಶಕದಲ್ಲಿ ಮೊಲಗಳನ್ನು ನಿಜಕ್ಕೂ ಹತೋಟಿಗೆ ತಂದ ಮೇಲೇ ಮುಲ್ಗಾ ಸಸಿಗಳು ಬದುಕತೊಡಗಿದ್ದು. ಐದು ವರ್ಷಕ್ಕೆ ಅಧ್ಯಯನ ಮುಗಿಸಿದ್ದರೆ ಇದು ಯಾರಿಗೂ ತಿಳೀತಿರಲಿಲ್ಲ.

1969ರಲ್ಲಿ ಅದೇ ವಿಶ್ವವಿದ್ಯಾಲಯದ ಲ್ಯಾಂಜ್ ಇನ್ನೊಂದನ್ನು ಬರೆದರು. ಕುರಿ ನೀರಿನ ತೊಟ್ಟಿ ಬಿಟ್ಟು ಬಹಳ ದೂರ ಹೋಗಲ್ಲ. ಹಾಗಾಗಿ ತೊಟ್ಟಿಯ ಸುತ್ತ ನೆಲ ಬೋಳು, ದೂರ ಹೋದಂತೆ ಪೊದೆ ದಟ್ಟ. ಇದಕ್ಕೆ 'ಪಯೋಸ್ಫಿಯರ್' ಅಂತ ಹೆಸರಿಟ್ಟರು. ನಮ್ಮ ಕುರುಬರಿಗೆ ಹೇಳಿದರೆ ಇದಕ್ಕೂ ಒಂದು ಹೆಸರಾ ಅಂತ ನಗ್ತಾರೇನೋ! ಮುಂದೆ ಆಲಿಸ್ ಸ್ಪ್ರಿಂಗ್ಸ್‌ನ ವಿಜ್ಞಾನಿಗಳು ಇದನ್ನೇ ಉಪಗ್ರಹದ ಚಿತ್ರಗಳಲ್ಲಿ ಹುಡುಕಿದರು. ಒಣಗಿದಾಗ ಬೋಳು ಕಾಣೋದು ಸಹಜ. ದೊಡ್ಡ ಮಳೆ ಆದ ಮೇಲೂ ತೊಟ್ಟಿಯ ಸುತ್ತಲಿನ ನೆಲ ದೂರದ ನೆಲದಷ್ಟು ಹಸಿರಾಗದಿದ್ದರೆ, ಅದು ಬರವಲ್ಲ, ಮೇವಿನ ಪೆಟ್ಟು.

ಅಪ್ಪನಿಗೆ ಇದೆಲ್ಲ ಹೇಳಿದೆ. "ಹಾಗಾದ್ರೆ ಬೇಸಿಗೇಲಿ ಹೋಗಿ ಅದೇ ಜಾಗದಲ್ಲಿ ಇನ್ನೊಂದು ತೆಗಿ" ಅಂದರು. ಮುಂದಿನ ಫೆಬ್ರವರಿಯಲ್ಲಿ ಹೋದೆ. ಮೊದಲ ಸಲ ಎಲ್ಲಿ ನಿಂತು ತೆಗೆದಿದ್ದೆ ಅನ್ನೋದೇ ಮರೆತು ಹೋಗಿತ್ತು.