ಒಳಗ ನೋಡು, ಹೊರಗ ನೋಡು

"ಉಜ್ಜಿನಿ ಒಳಗ ನೋಡು, ಹಂಪಿ ಹೊರಗ ನೋಡು." ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಈ ಮಾತು ಕೇಳದವರು ಕಡಿಮೆ. ಬಹಳ ವರ್ಷ ನಾನು ಇದನ್ನು ಬರೀ ಊರಭಿಮಾನ ಅಂದ್ಕೊಂಡಿದ್ದೆ. ಅಲ್ಲ, ಇದು ಅಪ್ಪಟ ಕಲಾವಿಮರ್ಶೆ. ಹಂಪಿಯ ಚೆಲುವು ಬಂಡೆ, ಹೊಳೆ, ಬಯಲಿನ ತುಂಬ ಹರಡಿದೆ. ಕೊಟ್ಟೂರಿನ ಹತ್ತಿರದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ಗುಡಿಯೊಳಗೆ ಕಾಲಿಟ್ಟು ತಲೆ ಎತ್ತಬೇಕು. ಎರಡನ್ನೂ ಕಣ್ಣಾರೆ ಕಂಡು, ತೂಗಿ ನೋಡಿದವರೇ ಹೀಗೆ ಹೇಳಲು ಸಾಧ್ಯ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರೇ ಇರಬೇಕು.

ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಅಲೆಕ್ಸಾಂಡರ್ ರೀ ಎಂಬ ಪುರಾತತ್ವ ಅಧಿಕಾರಿ ಈ ಸೀಮೆಯ ಚಾಲುಕ್ಯ ಗುಡಿಗಳನ್ನು ಅಳೆದು, ನಕ್ಷೆ ಬರೆಸಿ 1896ರಲ್ಲಿ ಪುಸ್ತಕ ತಂದ. ದೊಡ್ಡ ಕೆಲಸವೇ. ಆದರೆ ನೋಡೋದನ್ನ ನಮ್ಮವರಿಗೆ ಅವನೇನೂ ಕಲಿಸಬೇಕಿರಲಿಲ್ಲ.

ಹರಪನಹಳ್ಳಿ ಹತ್ತಿರದ ಬಾಗಳಿಗೆ ಹೋಗಿ ನೋಡಿ. ಕಲ್ಲೇಶ್ವರ ಗುಡಿಯ ಒಂದು ಶಾಸನ ಎರಡನೆಯ ತೈಲಪನ ಕಾಲದ್ದು, ಕ್ರಿ.ಶ. 987. ಸಭಾಮಂಟಪದ ತುಂಬ ಕಂಬಗಳು, ಒಂದರ ಹಾಗೆ ಇನ್ನೊಂದಿಲ್ಲ ಅನ್ನಿಸುತ್ತೆ. ಎಷ್ಟೋ ಕಂಬಗಳನ್ನು ಬುಗುರಿ ಕಡೆದ ಹಾಗೆ ದುಂಡಗೆ ಕಡೆದಿದ್ದಾರೆ. ಹೊರಗೆ ಏಪ್ರಿಲ್ ಬಿಸಿಲು, ಮಳೆ ನಂಬಿದ ಹೊಲ, ಸೊಸೈಟಿ ಸಾಲ. ಒಳಗೆ ತಣ್ಣನೆ ಕಲ್ಲು. ಸುಮ್ಮನೆ ಕೂತು ಕಂಬದ ಉಂಗುರಗಳನ್ನು ಎಣಿಸ್ತಾ ಹೋದರೆ ಉಸಿರು ತಾನೇ ನಿಧಾನವಾಗುತ್ತೆ. ಸಾಲ ಏನೂ ತೀರಲ್ಲ, ನಿಜ. ಆದರೆ ಅರ್ಧ ಗಂಟೆ ಅದು ತಲೆ ಮೇಲೆ ಕೂತಿರಲ್ಲ.

ನನಗೆ ಹೆಚ್ಚು ಕಾಡೋದು ಹಡಗಲಿ ತಾಲೂಕಿನ ಕುರುವತ್ತಿ. ಕಲ್ಯಾಣದ ಅರಸ ಒಂದನೆಯ ಸೋಮೇಶ್ವರ, ಆಹವಮಲ್ಲ, ವಾಸಿಯಾಗದ ಜ್ವರ ಹತ್ತಿ 1068ರಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟಿದ್ದು ಇಲ್ಲೇ. ಚೋಳರ ಜೊತೆ ಜೀವಮಾನವಿಡೀ ಕಾದಾಡಿದವನು ಕೊನೆಗೆ ಹೊಳೆ ನೀರಲ್ಲಿ ನಿಂತ. ಅದೇ ದಂಡೆಯ ಮಲ್ಲಿಕಾರ್ಜುನ ಗುಡಿಯಲ್ಲಿ ಮದನಿಕೆಯರಿದ್ದಾರೆ. ಬೇಲೂರಿನ ಶಿಲಾಬಾಲಿಕೆಯರಿಗೆ ಇವರು ಅಕ್ಕಂದಿರು ಅಂತ ನನ್ನ ಲೆಕ್ಕ. (ಬೇಲೂರಿನವರು ಸಿಟ್ಟಾಗಬಾರದು, ಆ ಗುಡಿ 1117ರದ್ದು.) ಸಾವಿನ ನೆನಪಿರುವ ದಂಡೆಯಲ್ಲಿ ಹೀಗೆ ನಡು ಬಾಗಿಸಿ ನಿಂತ ಹೆಣ್ಣುಗಳು.

ನಮ್ಮ ಸೋದರತ್ತೆ ಶೇಂಗಾ ಬಿಡಿಸೋ ಕೂಲಿ ಮಾಡಿ ಮಕ್ಕಳನ್ನ ಬೆಳೆಸಿದಾಕಿ. ಗಂಡ ತೀರಿಕೊಂಡ ವರ್ಷವೂ ಕುರುವತ್ತಿ ಜಾತ್ರೆ ತಪ್ಪಿಸಲಿಲ್ಲ. ಬಸವಣ್ಣನಿಗೆ ಕಾಯಿ ಒಡೆಸಿ ಆ ಮದನಿಕೆಯರ ಕೆಳಗೆ ಬಹಳ ಹೊತ್ತು ನಿಲ್ಲೋಳು. "ಏನ್ ನೋಡ್ತಿ ಅತ್ತಿ ಅಷ್ಟೊತ್ತು?" ಅಂತ ಕೇಳಿದ್ದೆ.

"ನೋಡಾ, ಸಾವಿರ ವರ್ಷಾತಂತ, ಇನ್ನೂ ಕಾಲು ನೊಂದಿಲ್ಲ ಅದಕ್ಕ" ಅಂದಳು.

ನಮ್ಮ ಕಡೆ ಎಷ್ಟೋ ಸಣ್ಣ ಗುಡಿಗಳ ಕಂಬಕ್ಕೆ ಭಕ್ತಿಯಿಂದಲೇ ವರ್ಷಾ ವರ್ಷಾ ಸುಣ್ಣ ಬಳಿದಿದ್ದಾರೆ; ಈಗೀಗ ಆಯಿಲ್ ಪೇಂಟ್. ಹೋದ ಸಲ ಒಂದು ಹಳ್ಳಿಯಲ್ಲಿ ಸುಣ್ಣ ಉದುರಿದ ಜಾಗದಲ್ಲಿ ಬೆರಳಷ್ಟು ಮಣಿಸರ ಕಾಣಿಸಿತು. ಪೂಜಾರರ ಹುಡುಗ ಉಗುರಿಂದ ಇನ್ನಷ್ಟು ಕೆರೆದ. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ಇಬ್ಬರೂ ಬಗ್ಗಿ ನೋಡ್ತಾ ಕೂತ್ವಿ.