ಉಪ್ಪಿಲ್ಲದ ಅನ್ನದ ಕಥೆ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆ ನೀತಿಯ ಮಾತಾಗಿ ಬಳಕೆಯಲ್ಲಿದೆ. ಅದರಲ್ಲಿ ಶರೀರಶಾಸ್ತ್ರದ ಸತ್ಯವೊಂದೂ ಅಡಗಿದೆ. ದೇಹ ಸೇರಿದ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಿನದನ್ನು ಮೂತ್ರಪಿಂಡಗಳು ಹೊರಹಾಕಲಾರದಾದಾಗ ರಕ್ತದೊತ್ತಡ ಏರುತ್ತದೆ. ಈ ಸಂಬಂಧವನ್ನು ವೈದ್ಯರು ಅರಿತ ಬಗೆಯನ್ನು, ಅದರಿಂದ ನಮ್ಮ ಊಟದ ಎಲೆಗೆ ಬಂದ ಪಾಠವನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

1896ರಲ್ಲಿ ಇಟಲಿಯ ವೈದ್ಯ ರಿವಾ-ರೊಚ್ಚಿ, ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನಳೆಯುವ ಸಾಧನವನ್ನು ಪ್ರಕಟಪಡಿಸಿದನು. ಎಂಟು ವರ್ಷಗಳ ತರುವಾಯ, 1904ರಲ್ಲಿ, ಫ್ರಾನ್ಸಿನ ಆಂಬಾರ್ ಮತ್ತು ಬೋಜಾರ್ ಎಂಬಿಬ್ಬರು ಆಹಾರದ ಉಪ್ಪಿಗೂ ಒತ್ತಡದ ಏರಿಳಿತಕ್ಕೂ ನಂಟುಂಟೆಂದು ಸಾರಿದರು. ಆ ಮಾತಿಗೆ ಬಹುಕಾಲ ಕಿವಿಗೊಟ್ಟವರು ಕೆಲವರೇ.

ಈ ಕಥೆಯ ನಾಯಕ ವಾಲ್ಟರ್ ಕೆಂಪ್ನರ್. ಯಹೂದಿ ಮೂಲದ ಈ ವೈದ್ಯ ಹಿಟ್ಲರನ ಜರ್ಮನಿಯನ್ನು ತೊರೆದು 1934ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದನು. ತೀವ್ರವಾದ ರಕ್ತದೊತ್ತಡಕ್ಕೆ ಆಗ ನೆಚ್ಚಬಹುದಾದ ಮದ್ದೇ ಇರಲಿಲ್ಲ. ಕಣ್ಣಿನೊಳಗೆ ರಕ್ತ ಸೋರಿ, ಹೃದಯ ಹಿಗ್ಗಿ, ಮೂತ್ರಪಿಂಡ ಕೆಟ್ಟವರು ಸಾವಿನ ದಾರಿ ಕಾಯುತ್ತಿದ್ದರು. ಅಂಥವರಿಗೆ ಕೆಂಪ್ನರ್ ವಿಧಿಸಿದ್ದು ಅನ್ನ, ಹಣ್ಣು, ಹಣ್ಣಿನ ರಸ ಮತ್ತು ಸಕ್ಕರೆ. ಮೇಲೆ ಉಪ್ಪಿನ ಒಂದು ಹರಳೂ ಇಲ್ಲ. 1942ರಲ್ಲಿ ಒಬ್ಬ ಹೆಂಗಸಿಗೆ ಎರಡು ವಾರ ಬಿಟ್ಟು ಬರಲು ಹೇಳಿದನಂತೆ; ಅವನ ಜರ್ಮನ್ ಉಚ್ಚಾರಣೆಯಿಂದಾಗಿ ಆಕೆ ಎರಡು ತಿಂಗಳೆಂದು ತಿಳಿದಳು. ಅಷ್ಟು ದಿನವೂ ಪಥ್ಯ ನಡೆಸಿ ಮರಳಿದಾಗ ಒತ್ತಡ ಇಳಿದಿತ್ತು, ಹೃದಯದ ಗಾತ್ರ ಕುಗ್ಗಿತ್ತು. ಕೆಂಪ್ನರನ ಉದ್ದೇಶವಿದ್ದುದು ಮೂತ್ರಪಿಂಡಗಳ ಭಾರವನ್ನು ಇಳಿಸುವುದು. ಈ ಫಲದಲ್ಲಿ ಉಪ್ಪಿನ ಅಭಾವದ ಪಾಲು ಎಷ್ಟು ದೊಡ್ಡದೆಂಬುದನ್ನು ಇತರ ಸಂಶೋಧಕರು ಕಂಡರು.

ಆದರೆ ಇಂಥ ವ್ರತವನ್ನು ಎಷ್ಟು ಜನ, ಎಷ್ಟು ದಿನ ನಡೆಸಿಯಾರು? 1958ರಲ್ಲಿ ಕ್ಲೋರೋಥಯಜೈಡ್ ಎಂಬ ಗುಳಿಗೆ ಬಂದ ಮೇಲೆ ಅನ್ನದ ಪಥ್ಯ ಹಿಂದೆ ಸರಿಯಿತು. ವಿಚಾರಿಸಿ ನೋಡಿದರೆ, ಆ ಗುಳಿಗೆ ಮಾಡುವುದೂ ಉಪ್ಪನ್ನು ಮೂತ್ರದ ಮೂಲಕ ಕಳಿಸುವ ಕೆಲಸವನ್ನೇ. ಅಡಿಗೆಮನೆಯ ಬಾಗಿಲಲ್ಲಿ ತಡೆಯಲಾರದುದನ್ನು ಔಷಧವು ಹಿತ್ತಿಲ ಬಾಗಿಲಿನಿಂದ ಹೊರಡಿಸಿತು.

ಆಹಾರದ ಮಾತು ಹೊಸ ಬಲದಿಂದ ಕೇಳಿಬಂದುದು 1997ರಲ್ಲಿ. ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು ಮೊಸರುಗಳು ಧಾರಾಳವಾಗಿರುವ ಊಟವೇ ಒತ್ತಡವನ್ನು ಇಳಿಸುವುದೆಂದು ಅಮೆರಿಕದ ‘ಡ್ಯಾಶ್’ ಪ್ರಯೋಗ ತೋರಿಸಿತು. ಆ ಊಟದ ಜೊತೆಗೆ ಉಪ್ಪನ್ನೂ ಇಳಿಸಿದಾಗ ಫಲ ಇನ್ನೂ ಹೆಚ್ಚೆಂಬುದು 2001ರಲ್ಲಿ ತಿಳಿಯಿತು. ಸನ್ಯಾಸಿಯ ವ್ರತ ಗೃಹಸ್ಥನ ನಿಯಮವಾದುದು ಹೀಗೆ.

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಾವೋ ಸಾರಿಗೆ ಹಾಕಿದ ಉಪ್ಪನ್ನಷ್ಟೇ ಲೆಕ್ಕ ಹಿಡಿಯುತ್ತೇವೆ. ಉಪ್ಪಿನಕಾಯಿ, ಹಪ್ಪಳ, ಬಾಳಕಗಳ ಉಪ್ಪು ಲೆಕ್ಕಕ್ಕೆ ಸಿಕ್ಕುವುದಿಲ್ಲ. ವೈದ್ಯರನ್ನು ಕೇಳದೆ ಗುಳಿಗೆ ಬಿಡುವುದು ಅಪಾಯ; ಗುಳಿಗೆಯಿದೆಯೆಂದು ಎಲೆಯ ತುದಿಗೆ ಉಪ್ಪು ಬಡಿಸಿಕೊಳ್ಳುವುದೂ ವಿವೇಕವಲ್ಲ. ನಾಲಿಗೆ ನಾವೆಣಿಸಿದಷ್ಟು ಹಟಮಾರಿಯಲ್ಲವೆಂದು ನನ್ನ ನಂಬಿಕೆ. ಕ್ರಮಕ್ರಮವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ಕಡಿಮೆ ಉಪ್ಪೇ ಅದಕ್ಕೆ ರುಚಿಸುತ್ತದೆ. ನಿಂಬೆಯ ಹುಳಿ, ಒಗ್ಗರಣೆಯ ಪರಿಮಳ ನೆರವಿಗಿವೆ. ಕೆಂಪ್ನರನ ರೋಗಿಗಳು ಸಾವಿನ ಅಂಚಿನಲ್ಲಿ ನಿಂತು ಕಲಿತುದನ್ನು, ಆರೋಗ್ಯವಿರುವಾಗಲೇ ನಾವು ಊಟದ ಪಂಕ್ತಿಯಲ್ಲಿ ಕಲಿಯಬಹುದು.